ಆರಕ್ಕೆ ಒಂದು ಸುತ್ತು ಕಡಿಮೆ

ಅದು ೨೦೧೮ನೆಯ ಇಸವಿ. ಆಗ ನನಗೆ ನಲವತ್ತೇಳು ವರ್ಷ. ಮಗ್ಗೆಯ ಸಮೀಪದ ಖಾಸಗಿ ಪ್ರೌಢಶಾಲೆಯೊಂದರಲ್ಲಿ ಇಪ್ಪತ್ತೆರಡು ವರ್ಷ ಕನ್ನಡ ಕಲಿಸಿದ್ದೆ. ಮಕ್ಕಳು ಕಡಿಮೆಯಾಗುತ್ತ ಹೋಗಿ, ಅದರ ಹಿಂದಿನ ವರ್ಷ ಶಾಲೆ ಮುಚ್ಚಿತು. ನನ್ನಲ್ಲಿ ಉಳಿದದ್ದು ಒಂದು ಡಬ್ಬಿ ಕೆಂಪು ಪೆನ್ನುಗಳು ಮತ್ತು ತಪ್ಪು ಕಂಡಲ್ಲಿ ಗುರುತು ಹಾಕದೆ ಮುಂದೆ ಹೋಗಲಾರದ ಸ್ವಭಾವ. ಮದುವೆಯ ಆಮಂತ್ರಣ ಬಂದರೆ ಮೊದಲು ಅದನ್ನು ತಿದ್ದಿ, ಆಮೇಲೆ ಮದುವೆಗೆ ಹೋಗುತ್ತಿದ್ದೆ.

ಆ ವರ್ಷದ ಜನವರಿಯಲ್ಲಿ ಹಾನುಬಾಳಿನ ಕಡೆಯ ಒಂದು ಕಾಫಿ ಎಸ್ಟೇಟಿನ ರೈಟರು ನನಗೆ ಹೇಳಿಕಳುಹಿಸಿದರು. ಆಳುಗಳ ಹಾಜರಿ, ಕಾಫಿಯ ತೂಕ, ಸ್ಟೋರಿನ ಬೀಗದ ಕೈ ಇವೆಲ್ಲವನ್ನೂ ನೋಡಿಕೊಳ್ಳುವ ಗುಮಾಸ್ತರನ್ನು ನಮ್ಮಲ್ಲಿ ರೈಟರು ಎನ್ನುತ್ತಾರೆ. ಆಳುಗಳು ವಾಸಿಸುವ ಲೈನ್ ಮನೆಗಳ ಮುಂದೆ ತೂಗುಹಾಕಬೇಕಾದ ಒಂದು ಸೂಚನೆಯನ್ನು ತಪ್ಪಿಲ್ಲದ ಕನ್ನಡದಲ್ಲಿ ಬರೆದುಕೊಡಬೇಕಿತ್ತು. ಬರೆದು ಮುಗಿಸಿ, ಅವರ ಮನೆಯ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದಾಗ ಒಳಕೋಣೆಯಿಂದ ಟ್ರಂಪೆಟ್ಟಿನ ದನಿ ಬಂತು. ತಗ್ಗಿದ, ಭಾರವಾದ ದನಿ. ನುಡಿಸುತ್ತಿದ್ದವನು ಒಂದೊಂದು ಸ್ವರವನ್ನೂ ಕೈಯಲ್ಲಿ ಹಿಡಿದು, ಎಲ್ಲಿಡಲಿ ಎಂದು ಯೋಚಿಸಿ, ಆಮೇಲೆ ಇಡುತ್ತಿದ್ದ.

“ಇದೇನು ರೈಟರೇ?” ಎಂದೆ.

“ಜಾಝ್ ಅಂತ, ಅಮೆರಿಕದ್ದು. ತಲೆನೋವು ಬಂದ್ರೆ ಹೇಳಿ ಮೇಷ್ಟ್ರೇ, ನಿಲ್ಲಿಸ್ತೇನೆ. ಇಲ್ಲಿಗೆ ಬಂದವರಿಗೆಲ್ಲ ಬರ್ತದೆ.”

“ನಿಲ್ಲಿಸಬೇಡಿ” ಎಂದೆ. ಅಂದು ಮಧ್ಯಾಹ್ನ ಮೂರು ಗಂಟೆಗೆ ಹೊರಡಬೇಕಿದ್ದ ನಾನು ಐದೂವರೆಯ ಬಸ್ಸಿಗೆ ಹೊರಟೆ.

ರೈಟರಿಗೆ ಆಗ ಅರವತ್ತೆರಡು ವರ್ಷ. ಮಂಗಳೂರು ಕರಾವಳಿಯ ಕ್ಯಾಥೊಲಿಕ್ ಕುಟುಂಬ ಅವರದು. ಅವರ ತಂದೆ ಸರಕು ಹಡಗೊಂದರ ಅಡುಗೆಮನೆಯಲ್ಲಿದ್ದವರು. ಅಮೆರಿಕದ ಯಾವುದೋ ಬಂದರಿನಲ್ಲಿ ಒಂದು ರೆಕಾರ್ಡ್ ಪ್ಲೇಯರನ್ನೂ ಅರವತ್ತಕ್ಕೂ ಮಿಕ್ಕ ಜಾಝ್ ಪ್ಲೇಟುಗಳನ್ನೂ ಕೊಂಡು ತಂದು, ಆಮೇಲೆ ಸಮುದ್ರದ ಕೆಲಸ ಬಿಟ್ಟು, ಘಾಟಿ ಹತ್ತಿ ಇದೇ ಎಸ್ಟೇಟಿಗೆ ರೈಟರಾಗಿ ಸೇರಿದರು. ಅವರ ನಂತರ ಮಗ. ಮರದ ಮೈಯ, ಒಳಗೇ ಸ್ಪೀಕರಿದ್ದ ಆ ಪ್ಲೇಯರನ್ನು ಮನೆಯಲ್ಲಿ ‘ಪೆಟ್ಟಿಗೆ’ ಎಂದು ಕರೆಯುತ್ತಿದ್ದರು. ಅಮೆರಿಕದ ವಿದ್ಯುತ್ತು ನೂರ ಹತ್ತು ವೋಲ್ಟಿನದು, ನಮ್ಮದು ಅದರ ಎರಡರಷ್ಟು. ನೇರವಾಗಿ ಜೋಡಿಸಿದರೆ ಪೆಟ್ಟಿಗೆ ಸುಟ್ಟುಹೋಗುತ್ತದೆ. ತಂದೆಯವರು ಅದನ್ನು ತಿಳಿದು, ಮಂಗಳೂರಿನಲ್ಲಿ ಒಂದು ಟ್ರಾನ್ಸ್‌ಫಾರ್ಮರ್ ಮಾಡಿಸಿ, ಅದಕ್ಕೊಂದು ಸಾಗುವಾನಿಯ ಗೂಡು ಕೂರಿಸಿದ್ದರು. ಬಂದವರಿಗೆ ರೈಟರು ಪ್ಲೇಟುಗಳಿಗಿಂತ ಮೊದಲು ಆ ಟ್ರಾನ್ಸ್‌ಫಾರ್ಮರನ್ನು ತೋರಿಸುತ್ತಿದ್ದರು. “ಅಪ್ಪ ಓದಿದ್ದು ನಾಲ್ಕನೇ ಕ್ಲಾಸು. ಆದ್ರೆ ತಲೆ ನೋಡಿ!”

ಪ್ಲೇಟುಗಳ ಹೊರಕವಚಗಳನ್ನು ಬೂಷ್ಟು ಮತ್ತು ಗೆದ್ದಲು ಎಂದೋ ಮುಗಿಸಿದ್ದವು. ರೈಟರ ಹೆಂಡತಿ ಖಾಕಿ ಕಾಗದದ ಲಕೋಟೆಗಳನ್ನು ಹೊಲಿದು ಪ್ಲೇಟುಗಳನ್ನು ಅವುಗಳಲ್ಲಿ ಇಟ್ಟಿದ್ದರು. ನಡುವಿನ ಚೀಟಿಗಳಲ್ಲಿ ನುಡಿಸಿದವರ ಹೆಸರುಗಳು ಬಹುಮಟ್ಟಿಗೆ ಅಳಿಸಿಹೋಗಿದ್ದವು. ಆದರೆ ಪ್ರತಿಯೊಂದು ತುಣುಕು ಎಷ್ಟು ನಿಮಿಷದ್ದೆಂಬ ಅಂಕಿ ಹೇಗೋ ಹಲವು ಚೀಟಿಗಳಲ್ಲಿ ಉಳಿದಿತ್ತು. ಈ ಅಂಕಿಗಳ ವಿಷಯಕ್ಕೆ ನಾನು ಮತ್ತೆ ಬರಬೇಕಾಗಿದೆ.

ಇದನ್ನು ಬೇರೆಯವರಿಗೂ ಕೇಳಿಸಬೇಕೆಂಬ ಆಸೆ ನನ್ನದು. ರೇಡಿಯೋ ಕಾರ್ಯಕ್ರಮದ ರೂಪದಲ್ಲಿ ಮಾಡೋಣ ಎಂದವರು ರೈಟರು. ಪೆಟ್ಟಿಗೆಯಿಂದ ಕಂಪ್ಯೂಟರಿಗೆ ಒಂದು ತಂತಿ ಎಳೆದು ಪ್ಲೇಟುಗಳನ್ನು ಮುದ್ರಿಸಿಕೊಂಡೆವು. ನಡುನಡುವೆ ಬರುವ ಮಾತನ್ನು ನಾನು ಬರೆದು ಓದಬೇಕು. ಮನೆಯಲ್ಲಿ ಓದಿದರೆ ದನಿ ಗೋಡೆಗೆ ಬಡಿದು ವಾಪಸು ಬರುತ್ತಿತ್ತು. ರೈಟರು ಎಸ್ಟೇಟಿನ ಸ್ಟೋರಿನ ಬೀಗ ತೆಗೆದರು. ಒಣಗಿದ ಕಾಫಿಯ ಮೂಟೆಗಳನ್ನು ಸೂರಿನವರೆಗೆ ಪೇರಿಸಿದ್ದರು. ಅವುಗಳ ನಡುವಿನ ಓಣಿಯಲ್ಲಿ ಒಂದು ಸ್ಟೂಲು ಹಾಕಿ ಕುಳಿತು ಓದಿದರೆ ಪ್ರತಿಧ್ವನಿಯೆಲ್ಲ ಗೋಣಿಯಲ್ಲಿ ಇಂಗಿಹೋಗುತ್ತಿತ್ತು. ಹಾಗಾಗಿ ನಮ್ಮ ಕಾರ್ಯಕ್ರಮಗಳಿಗೂ ಕೊಯ್ಲಿನ ಕಾಲವೇ ಕಾಲ. ಜನವರಿಯಲ್ಲಿ ಮೂಟೆ ಬಂದರೆ ಆರಂಭ, ಏಪ್ರಿಲಿನಲ್ಲಿ ಮೂಟೆ ಲಾರಿ ಹತ್ತಿದರೆ ಮುಕ್ತಾಯ. ಒಂದು ವರ್ಷ ಮಾಲೀಕರು ಮಾರ್ಚ್ ಮೊದಲ ವಾರದಲ್ಲೇ ಕಾಫಿ ಮಾರಿಬಿಟ್ಟಾಗ, ಬರಿದಾದ ಸ್ಟೋರಿನ ನಡುವೆ ನಿಂತು ರೈಟರು ನನ್ನನ್ನೇ ಆಪಾದಿತನಂತೆ ನೋಡಿದರು. “ನೀವು ಅಲ್ಪಪ್ರಾಣ ಮಹಾಪ್ರಾಣ ಅಂತ ಒಂದೊಂದು ಸಾಲು ಹತ್ತು ಸಲ ಓದಿದ್ರಲ್ಲ, ಈಗ ಓದಿ. ಒಂದು ಸಲ ಓದಿದ್ರೆ ಸಾಕು, ಅದೇ ಹತ್ತು ಸಲ ಕೇಳ್ತದೆ.”

ಗುಡ್ಡಗಳ ನಡುವೆ ಮೊಬೈಲಿನ ಸಂಪರ್ಕ ನಂಬುವ ಹಾಗಿರಲಿಲ್ಲವಾದ್ದರಿಂದ ಕಾರ್ಯಕ್ರಮಗಳು ಪೆನ್ ಡ್ರೈವಿನಲ್ಲಿ ಹೋಗುತ್ತಿದ್ದವು. ಲಕೋಟೆಯಲ್ಲಿ ಹಾಕಿ ಬಸ್ಸಿನ ಕಂಡಕ್ಟರ ಕೈಗೆ ಕೊಟ್ಟರೆ ಬಾಳ್ಳುಪೇಟೆಯಲ್ಲಿ ಇಳಿಯುತ್ತಿತ್ತು, ಅಲ್ಲಿಂದ ಇತರರಿಗೆ. “ನಮ್ಮದು ಬಸ್ಸಿನಲ್ಲಿ ಹೋಗುವ ರೇಡಿಯೋ” ಎನ್ನುತ್ತಿದ್ದರು ರೈಟರು. ಕೇಳುಗರು ಒಟ್ಟು ಹನ್ನೊಂದು ಮಂದಿ: ಒಬ್ಬರು ಪಶುವೈದ್ಯರು, ಒಬ್ಬರು ಕಾನ್ವೆಂಟಿನ ಸಿಸ್ಟರು, ಇಬ್ಬರು ಲಾರಿ ಚಾಲಕರು, ಹೀಗೆ. ಪ್ರತಿ ಲಕೋಟೆಯಲ್ಲಿ ನಾನೊಂದು ಚೀಟಿ ಇಡುತ್ತಿದ್ದೆ. ಅಭಿಪ್ರಾಯವನ್ನು ಪೂರ್ಣ ವಾಕ್ಯದಲ್ಲಿ ಬರೆದು ಹಿಂದಿರುಗಿಸಬೇಕು. ಬರೀ ‘ಚೆನ್ನಾಗಿದೆ’ ಎಂದರೆ ಸ್ವೀಕರಿಸಲಾಗದು. ಒಬ್ಬ ಲಾರಿ ಚಾಲಕ ಬರೆದಿದ್ದ: “ಘಾಟಿ ಹತ್ತುವಾಗ ಕೇಳಲು ಬಹಳ ಚೆನ್ನಾಗಿರುತ್ತದೆ, ಇಳಿಯುವಾಗ ನಿದ್ದೆ ಬರುತ್ತದೆ.” ವಾಕ್ಯ ಪೂರ್ಣವಾಗಿತ್ತು. ನಾನು ಅದನ್ನು ಪ್ರಶಂಸೆ ಎಂದೇ ತೆಗೆದುಕೊಂಡೆ.

ಏಕೆಂದರೆ ಈ ಸಂಗೀತದ ಜೀವಾಳವೇ ವಿಳಂಬಗತಿ ಎಂದು ನಾನು ನಂಬಿದ್ದೆ. ಬರಹದಲ್ಲಿ ಮತ್ತೆ ಮತ್ತೆ ಹಾಗೆಂದೇ ಹೇಳಿದೆ. ‘ಬಹಳ ನೊಂದವರಿಗೆ ಅವಸರವಿರುವುದಿಲ್ಲ’ ಎಂಬ ವಾಕ್ಯವನ್ನು ಬೇರೆ ಬೇರೆ ಕಾರ್ಯಕ್ರಮಗಳಲ್ಲಿ ನಾಲ್ಕು ಬಾರಿ ಓದಿದ್ದೇನೆ. ಆ ವಾಕ್ಯದ ಮೇಲೆ ನನಗೆ ಅಭಿಮಾನವಿತ್ತು. ಫೋನಿನಲ್ಲಿ ಸಿಗುವ ಜಾಝನ್ನು ಕೇಳಿದರೆ ಅದು ಚುರುಕಾಗಿ, ತೆಳುವಾಗಿ, ಎತ್ತರದ ಶ್ರುತಿಯಲ್ಲಿ ಇರುತ್ತಿತ್ತು. ಒಂದೇ ರಾಗವನ್ನು ಪ್ರತಿ ಸಲವೂ ಬೇರೆಯಾಗಿ ಬೆಳೆಸುವುದು ಈ ಸಂಗೀತದ ಪದ್ಧತಿಯಾದ್ದರಿಂದ ನಮಗೆ ಸಂಶಯ ಬರಲಿಲ್ಲ. “ಫೋನಿನವರಿಗೆ ಬಸ್ಸು ತಪ್ಪಿಹೋಗ್ತದೆ, ಅದಕ್ಕೆ ಓಡ್ತಾರೆ” ಎಂದು ರೈಟರು ತೀರ್ಪು ಕೊಟ್ಟರು. ನಾನು ಒಪ್ಪಿದೆ.

ಇನ್ನು ಆ ಅಂಕಿಗಳ ವಿಷಯ. ಪ್ರತಿ ತುಣುಕನ್ನೂ ಗಡಿಯಾರ ಹಿಡಿದು ಅಳೆದು ನೋಟುಪುಸ್ತಕದಲ್ಲಿ ಬರೆದಿಡುವುದು ನನ್ನ ಕ್ರಮ. ಚೀಟಿಯ ಮೇಲೆ ಐದು ನಿಮಿಷ ಎಂದು ಅಚ್ಚಾಗಿದ್ದರೆ ನನ್ನ ಗಡಿಯಾರದಲ್ಲಿ ಆರು ನಿಮಿಷ ಬರುತ್ತಿತ್ತು. ನಾನು ಅಚ್ಚಿನ ಅಂಕಿಯನ್ನು ಕೆಂಪು ಮಸಿಯಲ್ಲಿ ಹೊಡೆದು, ಪಕ್ಕದಲ್ಲಿ ಸರಿಯಾದ ಅವಧಿ ಬರೆದು, ‘ಮುದ್ರಣದೋಷ’ ಎಂದು ಷರಾ ಹಾಕುತ್ತಿದ್ದೆ. ಹೀಗೆ ಐದು ವರ್ಷಗಳಲ್ಲಿ ಎಂಬತ್ತೇಳು ತುಣುಕುಗಳಿಗೆ ಹಾಕಿದ್ದೇನೆ. ಬೇರೊಂದು ದೇಶದ ಮುದ್ರಕರು ಇಷ್ಟು ಅಜಾಗರೂಕರೇ ಎಂದು ರೈಟರ ಬಳಿ ವಿಷಾದವನ್ನೂ ವ್ಯಕ್ತಪಡಿಸಿದ್ದೇನೆ. ಎಲ್ಲ ದೋಷಗಳೂ ಒಂದೇ ದಿಕ್ಕಿಗೆ, ಒಂದೇ ಪ್ರಮಾಣದಲ್ಲಿ ಇರುವುದು ಹೇಗೆ ಎಂದು ಒಮ್ಮೆಯೂ ಕೇಳಿಕೊಳ್ಳಲಿಲ್ಲ. ಶಾಲೆಯಲ್ಲಿ ಹದಿನೈದು ಹುಡುಗರು ಒಂದೇ ತಪ್ಪು ಬರೆದರೆ ನಾನು ಮೊದಲು ನೋಡುತ್ತಿದ್ದದ್ದು ಕಪ್ಪು ಹಲಗೆಯ ಮೇಲೆ ನಾನೇ ಏನು ಬರೆದಿದ್ದೆ ಎಂಬುದನ್ನು.

೨೦೨೩ರ ಕೊನೆಯ ಹೊತ್ತಿಗೆ ರೈಟರ ಎಡಗಿವಿ ಪೂರ್ತಿ ಹೋಯಿತು. ಬಲಗಿವಿಯೂ ನಿಧಾನವಾಗಿ ಹೋಗುತ್ತದೆ, ಒಂದು ವರ್ಷ ಉಳಿದರೆ ಹೆಚ್ಚು ಎಂದು ಮಂಗಳೂರಿನ ವೈದ್ಯರು ತಿಳಿಸಿದರು. ಕಿವಿಗೆ ಹಾಕುವ ಯಂತ್ರ ತಂದರು. ಅದರಲ್ಲಿ ಮಾತು ಸ್ವಲ್ಪ ಕೇಳುತ್ತಿತ್ತು, ಸಂಗೀತ ತಗಡು ಬಡಿದಂತೆ ಆಗುತ್ತಿತ್ತು. ಆದ್ದರಿಂದ ಪ್ಲೇಟು ಹಾಕಿದಾಗ ಯಂತ್ರ ತೆಗೆದಿಟ್ಟು, ಪೆಟ್ಟಿಗೆಯ ಪಕ್ಕದಲ್ಲಿ ನೆಲದ ಮೇಲೆ ಕುಳಿತು, ಬಲಗಿವಿಯನ್ನು ಅದರ ಮರಕ್ಕೆ ಒತ್ತಿ, ಒಂದು ಅಂಗೈಯನ್ನು ಮೇಲಿಡುತ್ತಿದ್ದರು. ಅರ್ಧ ಕಿವಿಯಿಂದ, ಅರ್ಧ ಕೈಯಿಂದ ಕೇಳುತ್ತೇನೆ ಎನ್ನುತ್ತಿದ್ದರು. ಅವರ ಹೆಂಡತಿ ನನ್ನನ್ನು ಜಗಲಿಗೆ ಕರೆದು, “ಅವರಿಗೆ ಹೆದರಿಕೆ ಇಲ್ಲ ಮೇಷ್ಟ್ರೇ. ಕಿವಿ ಹೋಗುವಾಗ ಕೊನೆಗೆ ಕೇಳಿದ್ದು ಒಳಗೆ ಉಳೀತದಂತೆ, ಹಾಗಂತ ನಂಬಿದ್ದಾರೆ. ದಿನಾ ಅದನ್ನೇ ಹಾಕ್ತಾರೆ” ಎಂದರು.

ಅದೇ ಸಮಯದಲ್ಲಿ ನಮ್ಮ ಪಶುವೈದ್ಯರ ಮೂಲಕ ಒಂದು ಪೆನ್ ಡ್ರೈವು ಜಿಲ್ಲೆಯ ಕಾಲೇಜೊಂದು ನಡೆಸುವ ಸಮುದಾಯ ರೇಡಿಯೋದವರಿಗೆ ತಲುಪಿತು. ಹದಿಮೂರು ಕಾರ್ಯಕ್ರಮಗಳನ್ನು ಮುಂದಿನ ಆಗಸ್ಟಿನಿಂದ ವಾರಕ್ಕೊಂದರಂತೆ ಭಾನುವಾರ ಬೆಳಗ್ಗೆ ಪ್ರಸಾರ ಮಾಡುತ್ತೇವೆ ಎಂದು ಅವರು ಬರೆದರು. ಆ ಪತ್ರವನ್ನು ರೈಟರು ಪೆಟ್ಟಿಗೆಯ ಮೇಲೆ ಇಟ್ಟರು. ತಂದೆಯ ಪ್ಲೇಟು ನಿಜವಾದ ರೇಡಿಯೋದಲ್ಲಿ ಬರುವುದನ್ನು ಕಿವಿ ಇರುವಾಗಲೇ ಕೇಳಬೇಕು. ಅವರಿಗೆ ಬೇಕಿದ್ದದ್ದು ಇಷ್ಟೇ.

ಜೂನ್ ತಿಂಗಳಲ್ಲಿ ಪೆಟ್ಟಿಗೆಯ ಮೋಟಾರು ನಿಂತಿತು. ಬಾಳ್ಳುಪೇಟೆಯಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದ ಒಬ್ಬ ಮುಸ್ಲಿಂ ಗೆಳೆಯರು ನಮ್ಮ ಹನ್ನೊಂದು ಮಂದಿಯಲ್ಲಿ ಒಬ್ಬರು. ಎಸ್ಟೇಟುಗಳ ಪಂಪುಗಳೆಲ್ಲ ಅವರ ಬಳಿಗೇ ಬರುತ್ತಿದ್ದವು. ಬಸ್ಸಿನಲ್ಲಿ ಬಂದ ನಮ್ಮ ಲಕೋಟೆಗಳು ಇಳಿಯುತ್ತಿದ್ದದ್ದೂ ಅವರ ಅಂಗಡಿಯಲ್ಲೇ. ತಂದೆಯ ಕಾಲದಿಂದ ಯಾರೂ ತೆರೆಯದಿದ್ದ ಪೆಟ್ಟಿಗೆಯನ್ನು ರೈಟರು ಅವರ ಕೈಗೆ ಒಪ್ಪಿಸಿದರು. ನಾಲ್ಕನೆಯ ದಿನ ಅಂಗಡಿಯವರು ಫೋನು ಮಾಡಿದ್ದು ರೈಟರಿಗಲ್ಲ, ನನಗೆ.

“ಮೇಷ್ಟ್ರೇ, ಒಂದು ಮಾತೈತೆ. ಫೋನಲ್ಲಿ ಬ್ಯಾಡ, ಬಂದ್ಬುಡಿ.”

ಹೋದೆ. ಹೆದ್ದಾರಿಯ ಲಾರಿಗಳ ಸದ್ದು ಅಂಗಡಿಯ ತುಂಬ ಇತ್ತು. ತಾಮ್ರದ ತಂತಿಯ ಸುರುಳಿಗಳ ನಡುವೆ ಪೆಟ್ಟಿಗೆ ಹೊಟ್ಟೆ ತೆರೆದುಕೊಂಡು ಕುಳಿತಿತ್ತು. ಮೋಟಾರು ಆಗಲೇ ಸರಿಯಾಗಿತ್ತು. ಅದರ ತಳಕ್ಕೆ ಹೊಡೆದಿದ್ದ ಸಣ್ಣ ತಗಡನ್ನು ಅವರು ಬಟ್ಟೆಯಿಂದ ಉಜ್ಜಿ ತೋರಿಸಿದರು.

“ಓದಿ. ಅರವತ್ತು ಸೈಕಲ್ ಅಂತ ಐತೆ. ಅಮೆರಿಕದ ಕರೆಂಟು ಸೆಕೆಂಡಿಗೆ ಅರವತ್ತು ಸಲ ಬಡೀತದೆ, ನಮ್ಮದು ಐವತ್ತು. ಈ ಥರ ಮೋಟಾರು ಆ ಬಡಿತ ನೋಡ್ಕಂಡೇ ತಿರುಗೋದು. ನಮ್ಮೂರಲ್ಲಿ ಹಾಕುದ್ರೆ ಆರು ಸುತ್ತು ಸುತ್ತಬೇಕಾದಾಗ ಐದೇ ಸುತ್ತುತದೆ.”

“ಅವರ ತಂದೆ ಟ್ರಾನ್ಸ್‌ಫಾರ್ಮರ್ ಹಾಕಿಸಿದ್ದಾರಲ್ಲ?”

“ಅದು ವೋಲ್ಟೇಜ್ ಇಳಿಸ್ತದೆ ಅಷ್ಟೇ. ಬಡಿತಕ್ಕೂ ಅದಕ್ಕೂ ಸಂಬಂಧ ಇಲ್ಲ ಕಣ್ರೀ.”

ಪ್ಲೇಟು ಕೂರುವ ತಟ್ಟೆಯ ಅಂಚಿಗೆ ಸೀಮೆಸುಣ್ಣದ ಗೆರೆ ಎಳೆದು ಅವರು ಸ್ವಿಚ್ಚು ಹಾಕಿದರು. ನಾನು ಗಡಿಯಾರ ಹಿಡಿದು ಎಣಿಸಿದೆ. ನಿಮಿಷಕ್ಕೆ ಮೂವತ್ತಮೂರು ಸುತ್ತು ದಾಟಬೇಕಿದ್ದ ತಟ್ಟೆ ಇಪ್ಪತ್ತೆಂಟಕ್ಕೂ ಸರಿಯಾಗಿ ಮುಟ್ಟಲಿಲ್ಲ. ಮೂರು ಬಾರಿ ಎಣಿಸಿದೆ. ಆಮೇಲೆ ನನಗೆ ನೋಟುಪುಸ್ತಕ ನೆನಪಾಯಿತು. ಐದಕ್ಕೆ ಆರು, ಹತ್ತಕ್ಕೆ ಹನ್ನೆರಡು, ಎಂಬತ್ತೇಳು ಕಡೆ. ಮುದ್ರಕರು ಸರಿಯಾಗಿದ್ದರು. ಅಲ್ಲಿ ಒಂದು ಪಂಪಿನ ಮೇಲೆ ಕುಳಿತುಬಿಟ್ಟೆ.

“ಕುತ್ಕಬ್ಯಾಡಿ ಅದ್ರ ಮೇಲೆ, ವಾರ್ನಿಶ್ ಹಸಿ ಐತೆ” ಎಂದರು ಅವರು. ಎದ್ದು ನಿಂತೆ.

ಮೋಟಾರಿನ ಅಚ್ಚಿಗೆ ಸಿಕ್ಕಿಸಿರುವ, ತಟ್ಟೆಯನ್ನು ತಿರುಗಿಸುವ ಸಣ್ಣ ಪುಲ್ಲಿಯ ಸುತ್ತ ಹಿತ್ತಾಳೆಯ ಒಂದು ಬಳೆ ಕೂರಿಸಿ ಅದನ್ನು ದಪ್ಪ ಮಾಡಿದರೆ ವೇಗ ಸರಿಯಾಗುತ್ತದೆ, ಲೇತಿನಲ್ಲಿ ಒಂದು ಗಂಟೆಯ ಕೆಲಸ ಎಂದರು. “ಕೂರಿಸಿ” ಎಂದೆ.

“ರೈಟರ್ ಸಾಹೇಬ್ರನ್ನ ಒಂದು ಮಾತು ಕೇಳೋದಲ್ವಾ?”

“ತಪ್ಪನ್ನು ತಿದ್ದುವುದಕ್ಕೆ ಯಾರನ್ನು ಕೇಳಬೇಕು?” ಎಂದೆ. ಈ ಮಾತನ್ನು ನಾನು ಆಡಿದ್ದು ನಿಜ. ಅವರು ಲೇತಿನ ಕಡೆ ತಿರುಗಿದರು.

ಮುಂದಿನ ಆರು ವಾರಗಳಲ್ಲಿ ನಾನು ಮಾಡಿದ್ದನ್ನು ಕ್ರಮವಾಗಿ ಬರೆಯುತ್ತೇನೆ. ಕಂಪ್ಯೂಟರಿನಲ್ಲಿದ್ದ ಎಲ್ಲ ಪ್ಲೇಟುಗಳ ವೇಗವನ್ನು ಐದಕ್ಕೆ ಆರರಂತೆ ಏರಿಸಿ, ಹಳೆಯದರ ಮೇಲೆಯೇ ಉಳಿಸಿದೆ. ಹದಿಮೂರು ಕಾರ್ಯಕ್ರಮಗಳ ಮಾತನ್ನೂ ಹೊಸದಾಗಿ ಬರೆದೆ. ವಿಳಂಬಗತಿಯ ಕುರಿತು ಹೇಳಿದ್ದೆಲ್ಲವನ್ನೂ ಹೊಡೆದುಹಾಕಿದೆ. ಸ್ಟೋರಿನಲ್ಲಿ ಮೂಟೆಗಳಿಲ್ಲದ ಕಾಲವಾದ್ದರಿಂದ ಮನೆಯಲ್ಲಿ ಮಂಚದ ಸುತ್ತ ಕಂಬಳಿ ಇಳಿಬಿಟ್ಟು, ಒಳಗೆ ಕುಳಿತು ಓದಿದೆ. ಒಂಬತ್ತನೆಯ ಕಾರ್ಯಕ್ರಮದಲ್ಲಿ ‘ಈ ಗಾಯಕನ ಎದೆಯಾಳದ ದನಿ’ ಎಂದು ಹೇಳಿದ್ದ ಕಡೆ, ವೇಗ ಸರಿಯಾದ ಕೂಡಲೇ ಒಬ್ಬ ಹೆಂಗಸು ಹಾಡತೊಡಗಿದಳು. ಐದು ವರ್ಷ ಅವಳನ್ನು ಗಂಡಸೆಂದು ಪರಿಚಯಿಸಿದ್ದೆ. ಹನ್ನೊಂದು ಮಂದಿಗೂ ಹೇಳಿಕಳುಹಿಸಿ, ತಪ್ಪು ಅಚ್ಚಾದ ಪ್ರಶ್ನೆಪತ್ರಿಕೆಗಳನ್ನು ಹಿಂದಕ್ಕೆ ಪಡೆಯುವಂತೆ ಎಲ್ಲ ಪೆನ್ ಡ್ರೈವುಗಳನ್ನೂ ತರಿಸಿ ಅಳಿಸಿದೆ. ರೇಡಿಯೋ ಕೇಂದ್ರದವರಿಗೂ ಹಳೆಯದರ ಬದಲು ಹೊಸದನ್ನು ಕೊಟ್ಟೆ. ಹಳೆಯದರ ಒಂದು ಪ್ರತಿಯನ್ನೂ ಉಳಿಸಲಿಲ್ಲ.

ರೈಟರಿಗೆ ತಿಳಿಸಲಿಲ್ಲ. ಮೋಟಾರಿನ ಕೆಲಸ ಇನ್ನೂ ನಡೆಯುತ್ತಿದೆ ಎಂದಷ್ಟೇ ಹೇಳಿಸಿದೆ. ಅವರನ್ನು ವಂಚಿಸುವ ಉದ್ದೇಶ ನನಗಿರಲಿಲ್ಲ. ಬದುಕಿನಲ್ಲಿ ಒಮ್ಮೆಯೂ ತನ್ನ ನಿಜವಾದ ವೇಗದಲ್ಲಿ ಕೇಳದ ತಂದೆಯ ಸಂಗೀತವನ್ನು ಅವರು ಮೊದಲ ಸಲ, ಸರಿಯಾಗಿ, ರೇಡಿಯೋದಲ್ಲೇ ಕೇಳಲಿ. ಅದು ನನ್ನ ಉಡುಗೊರೆ ಎಂದುಕೊಂಡಿದ್ದೆ. ಅವರ ಮುಖ ಹೇಗೆ ಅರಳುತ್ತದೆ ಎಂಬುದನ್ನೂ ಕಲ್ಪಿಸಿಕೊಂಡಿದ್ದೆ.

ಆ ಕೇಂದ್ರದ ಪ್ರಸಾರ ಹಾನುಬಾಳಿನ ಗುಡ್ಡಗಳನ್ನು ದಾಟುವುದಿಲ್ಲ. ಮಗ್ಗೆಯ ನಮ್ಮ ಮನೆಯವರೆಗೆ ಬರುತ್ತದೆ. ಆಗಸ್ಟಿನ ಮೊದಲ ಭಾನುವಾರ ರೈಟರೂ ಅವರ ಹೆಂಡತಿಯೂ ಚರ್ಚಿನ ಪೂಜೆ ಬಿಟ್ಟು, ಜೀಪು ಮಾಡಿಕೊಂಡು ಮಗ್ಗೆಗೆ ಬಂದರು. ಅಂಗಡಿಯ ಗೆಳೆಯರೂ ಬಂದಿದ್ದರು. ರೈಟರು ಇಸ್ತ್ರಿ ಮಾಡಿದ ಬಿಳಿ ಶರಟು ಹಾಕಿದ್ದರು. ರೇಡಿಯೋವನ್ನು ಮಡಿಲಿಗೆ ಎತ್ತಿಕೊಂಡು, ದನಿಯನ್ನು ಪೂರ್ತಿ ಏರಿಸಿ, ಬಲಗಿವಿಯನ್ನು ಅದಕ್ಕೆ ಒರಗಿಸಿದರು.

ಮೊದಲು ನನ್ನ ಮಾತು ಬಂತು. “ಮೇಷ್ಟ್ರ ಗಂಟಲು ರೇಡಿಯೋದಲ್ಲಿ ಹೀಗೆ ಗುಡುಗ್ತದಾ! ಶಾಲೆ ಯಾಕೆ ಖಾಲಿ ಆಯ್ತು ಅಂತ ಈಗ ಗೊತ್ತಾಯ್ತು” ಎಂದರು. ಎಲ್ಲರೂ ನಕ್ಕೆವು. ಬಳಿಕ ಟ್ರಂಪೆಟ್ಟು ಬಂತು.

ಅವರು ನಗುತ್ತಲೇ ಕೇಳಿದರು. ನಗು ಸ್ವಲ್ಪ ಹೊತ್ತು ಹಾಗೆಯೇ ಇತ್ತು, ಆಮೇಲೆ ಇಲ್ಲವಾಯಿತು.

“ಇದು ಯಾರ ಪ್ಲೇಟು?”

“ನಿಮ್ಮದೇ, ರೈಟರೇ” ಎಂದು ಜೋರಾಗಿ ಹೇಳಿದೆ.

“ನನ್ನದಲ್ಲ.”

“ನಿಮ್ಮದೇ. ನಾನು ಮೊದಲ ದಿನ ನಿಮ್ಮ ಜಗಲಿಯಲ್ಲಿ ಕುಳಿತು ಕೇಳಿದ ಪ್ಲೇಟು.”

“ಕಿವಿ ಹೋಗ್ತಾ ಉಂಟು ಮೇಷ್ಟ್ರೇ, ತಲೆ ಹೋಗ್ಲಿಲ್ಲ. ಇದು ಯಾವನೋ ಬಸ್ಸಿಗೆ ಓಡುವವ. ನಮ್ಮವ ಇವನಲ್ಲ.”

ನಾನು ನೋಟುಪುಸ್ತಕವನ್ನು ಸಿದ್ಧವಾಗಿ ಇಟ್ಟುಕೊಂಡಿದ್ದೆ. ಪುಟ ತಿರುವಿ ಅಂಕಿಗಳನ್ನು ತೋರಿಸಿದೆ. ಅಂಗಡಿಯ ಗೆಳೆಯರು ಅವರ ಕಿವಿಯ ಬಳಿ ಬಾಗಿ ಅರವತ್ತು ಐವತ್ತರ ವಿಷಯ ವಿವರಿಸಿದರು. ರೈಟರು ಗಮನವಿಟ್ಟು ಕೇಳಿದರು. ಲೆಕ್ಕದಲ್ಲಿ ಅವರು ನಮ್ಮಿಬ್ಬರಿಗಿಂತ ಚುರುಕು.

“ಯಾವಾಗಿಂದ ಹೀಗೆ?”

“ಶುರುವಿಂದ್ಲೂ, ಸಾಹೇಬ್ರೇ.”

“ಅಪ್ಪ ಇರುವಾಗಲೂ?”

ಗೆಳೆಯರು ತಲೆಯಾಡಿಸಿದರು. ರೈಟರ ಹೆಂಡತಿ ಕೊಂಕಣಿಯಲ್ಲಿ ಏನೋ ಹೇಳಿ ಗಂಡನ ತೋಳು ಮುಟ್ಟಿದರು. ಅವರು ಎದ್ದು ಹೋಗಲಿಲ್ಲ. ಕಾರ್ಯಕ್ರಮದ ಕೊನೆಯವರೆಗೂ ರೇಡಿಯೋವನ್ನು ಮಡಿಲಲ್ಲೇ ಇಟ್ಟುಕೊಂಡಿದ್ದರು, ಬೇರೆಯವರ ಮಗುವನ್ನು ಹಿಡಿದುಕೊಂಡಂತೆ. ಮುಗಿದ ಮೇಲೆ ಅದನ್ನು ಮೇಜಿನ ಮೇಲಿಟ್ಟರು.

“ಸರಿಯಾಗಿ ಉಂಟು ಮೇಷ್ಟ್ರೇ, ತಪ್ಪಿಲ್ಲ. ಆದ್ರೆ ನಂಗೆ ಗುರುತಿಲ್ಲ. ಹೊಸಬರ ಪರಿಚಯ ಮಾಡ್ಕೊಳ್ಳಿಕ್ಕೆ ಈ ಕಿವಿಗೆ ಟೈಮ್ ಎಲ್ಲುಂಟು?”

ನಾನು ನೋಟುಪುಸ್ತಕವನ್ನು ಮುಚ್ಚಿದೆ.

“ಪೆಟ್ಟಿಗೆ ಮೊದಲು ಹೇಗಿತ್ತೋ ಹಾಗೆ ಮಾಡಿ ಕೊಡಿ. ಒಂದು ಸಲ ಕೇಳ್ತೇನೆ. ಆಮೇಲೆ ನೀವು ಏನು ಬೇಕಾದ್ರೂ ತಿದ್ದಿ.”

ಮರುದಿನವೇ ಕಂಪ್ಯೂಟರಿನಲ್ಲಿ ಆ ಪ್ಲೇಟನ್ನು ಮತ್ತೆ ನಿಧಾನ ಮಾಡಿ, ಒಂದು ಸ್ಪೀಕರಿನೊಡನೆ ಹಾನುಬಾಳಿಗೆ ಒಯ್ದೆ. ಪ್ಲಾಸ್ಟಿಕ್ಕಿನ ಆ ಸ್ಪೀಕರಿಗೆ ಅವರು ಕಿವಿ ಒತ್ತಿದರು, ಕೈಯಿಟ್ಟರು, ತಿರುಗಿಸಿ ಇಟ್ಟು ನೋಡಿದರು. “ಫೋನಲ್ಲಿ ಮಾತಾಡಿದ ಹಾಗೆ” ಎಂದು ನನಗೇ ಹಿಂದಿರುಗಿಸಿದರು. ಅವರಿಗೆ ಬೇಕಿದ್ದದ್ದು ಮರದ ಮೂಲಕ ಬರುವ ದನಿ. ಅದಕ್ಕೆ ಪೆಟ್ಟಿಗೆಯೇ ಆಗಬೇಕು.

ಬಾಳ್ಳುಪೇಟೆಯಲ್ಲಿ ಹಿತ್ತಾಳೆಯ ಬಳೆ ಕಳಚಿ ಬರಲಿಲ್ಲ. ಕಾಯಿಸಿ ಕೂರಿಸಿದ್ದರಿಂದ, ಹಿಡಿದು ಎಳೆದಾಗ ಒಳಗಿನ ಹಳೆಯ ಪುಲ್ಲಿ ಒಣ ಬಿಸ್ಕತ್ತಿನಂತೆ ಒಡೆದು ಪುಡಿಯಾಯಿತು. ಅದರ ಅಳತೆಯನ್ನು ಯಾರೂ ಬರೆದಿಟ್ಟಿರಲಿಲ್ಲ. “ನಿಮ್ಮ ಪುಸ್ತಕದಲ್ಲಿ ಇರ್ತದೆ ಅಂದ್ಕಂಡಿದ್ದೆ” ಎಂದರು ಗೆಳೆಯರು. ಕುಟುಕುವ ದನಿ ಅದಾಗಿರಲಿಲ್ಲ. ಅವರು ನಿಜವಾಗಿಯೂ ಹಾಗೆಂದುಕೊಂಡಿದ್ದರು. ಕೊನೆಗೆ ನಾವು ಬಳೆಯ ಅಳತೆಯಿಂದ ಹಿಂದಕ್ಕೆ ಲೆಕ್ಕ ಹಾಕಿ ಹೊಸ ಪುಲ್ಲಿ ಕಡೆದೆವು. ಮೊದಲನೆಯದು ಅಲುಗಿತು. ಎರಡನೆಯದು ದಪ್ಪವಾಯಿತು. ಪ್ರತಿ ಸಲವೂ ತಟ್ಟೆಗೆ ಸೀಮೆಸುಣ್ಣದ ಗೆರೆ ಎಳೆದು, ಗಡಿಯಾರ ಹಿಡಿದು, ಎಂಬತ್ತೇಳು ಕಡೆ ‘ಮುದ್ರಣದೋಷ’ ಎಂದು ಬರೆದಿದ್ದ ಅದೇ ಪುಸ್ತಕವನ್ನು ಎದುರಿಗಿಟ್ಟುಕೊಂಡು ತಾಳೆ ನೋಡುತ್ತಿದ್ದೆ. ತಪ್ಪನ್ನು ಇಷ್ಟು ಕರಾರುವಾಕ್ಕಾಗಿ ಮಾಡಲು ಎಷ್ಟು ಶ್ರಮವಿದೆ ಎಂಬುದು ಆಗ ತಿಳಿಯಿತು. ನಡುವೆ ಕಾಫಿ ತೋಟಗಳ ಪಂಪುಗಳ ಕೆಲಸ ಬಂದು ಗೆಳೆಯರಿಗೆ ಬಿಡುವಿರಲಿಲ್ಲ. ಸೆಪ್ಟೆಂಬರ್ ಹೋಯಿತು, ಅಕ್ಟೋಬರ್ ಹೋಯಿತು.

ಅತ್ತ ಹದಿಮೂರು ಕಾರ್ಯಕ್ರಮಗಳೂ ಒಂದಾದ ಮೇಲೊಂದು ಪ್ರಸಾರವಾದವು. ಕೇಂದ್ರಕ್ಕೆ ಯಾವ ಕೇಳುಗರ ಪತ್ರವೂ ಬರಲಿಲ್ಲ. ನಮ್ಮ ಹನ್ನೊಂದು ಮಂದಿಯಿಂದ ಬಂದದ್ದು ಆ ಲಾರಿ ಚಾಲಕನ ಚೀಟಿ ಒಂದೇ: “ಹಳೆಯದನ್ನು ವಾಪಸ್ ಕೊಡಿ.” ಆ ವಾಕ್ಯವೂ ಪೂರ್ಣವಾಗಿತ್ತು.

ರೈಟರ ಜೊತೆಗಿನ ಮಾತು ಅಷ್ಟರಲ್ಲಿ ಚೀಟಿಗೆ ಇಳಿದಿತ್ತು. ನಾವು ಹೇಳಬೇಕಾದದ್ದನ್ನು ಬರೆದು ತೋರಿಸುವುದು, ಅವರು ಬಾಯಲ್ಲಿ ಉತ್ತರಿಸುವುದು. ಅವರಿಗೆ ಸಿಟ್ಟು ಇರಲಿಲ್ಲ. ನಾನು ಹೋದಾಗಲೆಲ್ಲ “ಪೆಟ್ಟಿಗೆ ಎಲ್ಲಿವರೆಗೆ ಬಂತು?” ಎಂದು ಕೇಳುತ್ತಿದ್ದರು, ‘ಮುಂದಿನ ವಾರ’ ಎಂದು ನಾನು ಬರೆಯುತ್ತಿದ್ದೆ. ಸಿಟ್ಟು ಮಾಡಿದ್ದರೆ ನನಗೆ ಅನುಕೂಲವಾಗುತ್ತಿತ್ತು.

ನವೆಂಬರಿನ ಒಂದು ಭಾನುವಾರ ಬೆಳಗ್ಗೆ ಗೆಳೆಯರೂ ನಾನೂ ಪೆಟ್ಟಿಗೆಯನ್ನು ಜೀಪಿನ ಹಿಂದಿನ ಸೀಟಿನಲ್ಲಿ ದಿಂಬುಗಳ ನಡುವೆ ಕೂರಿಸಿಕೊಂಡು ಹಾನುಬಾಳಿಗೆ ಹೋದೆವು. ಅದನ್ನು ಹಳೆಯ ಜಾಗದಲ್ಲಿಟ್ಟು, ಸಾಗುವಾನಿಯ ಗೂಡಿನ ಟ್ರಾನ್ಸ್‌ಫಾರ್ಮರಿಗೆ ಜೋಡಿಸಿದೆವು. ಪ್ಲೇಟು ಹಾಕುವ ಮೊದಲು ನಾನು ಕೊನೆಯ ಬಾರಿ ಸುತ್ತು ಎಣಿಸಿದೆ. ಇಪ್ಪತ್ತೆಂಟಕ್ಕೆ ಕೂದಲೆಳೆಯಷ್ಟು ಕಡಿಮೆ. ಎಷ್ಟು ತಪ್ಪಿರಬೇಕೋ ಅಷ್ಟೇ ತಪ್ಪಿತ್ತು. ಗೆಳೆಯರು ನನ್ನನ್ನು ನೋಡಿ ತಲೆಯಾಡಿಸಿದರು.

ರೈಟರು ನೆಲದ ಮೇಲೆ ಕುಳಿತು, ಬಲಗಿವಿಯನ್ನು ಮರಕ್ಕೆ ಒತ್ತಿ, ಅಂಗೈಯನ್ನು ಮೇಲಿಟ್ಟು ಕಣ್ಣು ಮುಚ್ಚಿದರು. ನಾನು ಮುಳ್ಳನ್ನು ಇಳಿಸಿದೆ. ಟ್ರಂಪೆಟ್ಟು ಬಂತು: ತಗ್ಗಿದ, ಭಾರವಾದ ಅದೇ ದನಿ, ಒಂದೊಂದು ಸ್ವರವನ್ನೂ ಎಲ್ಲಿಡಲಿ ಎಂದು ಯೋಚಿಸಿ ಇಡುತ್ತಿದ್ದ ಅದೇ ಮನುಷ್ಯ. ಅಡುಗೆಮನೆಯಿಂದ ರೈಟರ ಹೆಂಡತಿ ಸೌಟು ಹಿಡಿದುಕೊಂಡೇ ಬಂದು ಬಾಗಿಲಲ್ಲಿ ನಿಂತರು. “ಅದೇ” ಎಂದರು.

ರೈಟರು ಹಾಗೆಯೇ ಕುಳಿತಿದ್ದರು. ಒಂದು ತುಣುಕು ಮುಗಿಯಿತು. ಇನ್ನೊಂದು ಆರಂಭವಾಯಿತು. ಅವರು ಕಿವಿಯನ್ನು ಸ್ವಲ್ಪ ಕೆಳಕ್ಕೆ ಸರಿಸಿದರು, ಮತ್ತೆ ಮೇಲಕ್ಕೆ ಸರಿಸಿದರು, ಬಲಗೈ ತೆಗೆದು ಎಡಗೈ ಇಟ್ಟರು.

“ಮೋಟಾರು ತಿರುಗ್ತಾ ಉಂಟು, ಕೈಗೆ ಗೊತ್ತಾಗ್ತದೆ” ಎಂದರು. “ಹಾಕಿ ಮೇಷ್ಟ್ರೇ. ಯಾಕೆ ಕಾಯ್ತಾ ಇದ್ದೀರಿ?”

ಗೆಳೆಯರು ಕಿಟಕಿಯ ಕಡೆ ತಿರುಗಿದರು. ನಾನು ಜೇಬಿನಿಂದ ಒಂದು ಚೀಟಿ ತೆಗೆದೆ. ಏನು ಬರೆಯಬೇಕೆಂದು ಬಹಳ ಹೊತ್ತು ಯೋಚಿಸಿದೆ. ಆಮೇಲೆ, ‘ಮೊದಲನೆಯ ಬದಿ ಮುಗಿಯುತ್ತ ಬಂದಿದೆ’ ಎಂದು ಬರೆದು ಅವರ ಕೈಗೆ ಕೊಟ್ಟೆ.

ಅವರು ಅದನ್ನು ಓದಿದರು. ತಿರುಗುತ್ತಿದ್ದ ಪ್ಲೇಟನ್ನು ನೋಡಿದರು.

“ಇಷ್ಟು ಬೇಗ?” ಎಂದರು, ಚೀಟಿಯನ್ನು ಮಡಿಚಿ ಶರಟಿನ ಜೇಬಿನಲ್ಲಿ ಇಟ್ಟುಕೊಂಡು, ಪೆಟ್ಟಿಗೆಯ ಮುಚ್ಚಳವನ್ನು ಮೆಲ್ಲಗೆ ಮುಚ್ಚಿದರು. ಒಳಗೆ ಟ್ರಂಪೆಟ್ಟು ಇನ್ನೂ ನುಡಿಯುತ್ತಿತ್ತು. ಅಂದು ೨೦೨೪ನೆಯ ಇಸವಿಯ ನವೆಂಬರ್ ೧೭, ಭಾನುವಾರ.